ಗೌಡರ ಕಾಂಡ್ಲಾ ಕಾಡಿನ ಮೊಸಳೆ

"ಬಾಲ ಅಳ್ಳಾಡ್ಸಲೇ ಸೂಳಿಮಗನ! ಸತ್ತ ಮೊಸಳಿ ನೋಡಾಕ ಯಾರ ಬರ್ತಾರ?"

ಹಲಗೆ ಸೇತುವೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಜಗದೇವಪ್ಪಗೌಡರು ಕೊಡೆಯ ತುದಿಯಿಂದ ಮೀನುಗಾರ ಭಾಗಣ್ಣನ ಬೆನ್ನಿಗೆ ಚುಚ್ಚಿದರು. ಭಾಗಣ್ಣ ನೀರಿನಲ್ಲಿ ಬೋರಲು ಬಿದ್ದಿದ್ದ. ಅವನ ಬೆನ್ನಿಗೆ ಲಾರಿಯ ಹಳೇ ಟ್ಯೂಬು ಕತ್ತರಿಸಿ ಹೊಲಿದ ಚರ್ಮ, ಸೊಂಟಕ್ಕೆ ಬಾಲ, ತಲೆಯ ಮೇಲೆ ಎರಡು ಪ್ಲಾಸ್ಟಿಕ್ ಚೆಂಡಿನ ಕಣ್ಣು.

"ಕಾಲಾಗ ಜಾಲಿಮುಳ್ಳ ಮುರದೈತ್ರಿ ಗೌಡ್ರ."

"ಮೊಸಳಿಗಿ ಮುಳ್ಳ ಚುಚ್ಚತೈತೇನಲೇ? ಬಾಲ ಅಳ್ಳಾಡ್ಸು."

ಭಾಗಣ್ಣ ಅಳ್ಳಾಡಿಸಿದ.

ಗೌಡರು ಬೇಸಿಗೆಯಲ್ಲಿ ಬೀಗರ ಮದುವೆಗೆಂದು ಕರಾವಳಿಗೆ ಹೋಗಿದ್ದರು. ಅಲ್ಲಿ ಉಪ್ಪುನೀರಿನಲ್ಲಿ ನಿಂತ ಕಾಂಡ್ಲಾ ಕಾಡು, ಅದರ ನಡುವೆ ಹಲಗೆಯ ದಾರಿ, ಕೊಕ್ಕರೆ, ಏಡಿ, ದುಡ್ಡು ಕೊಟ್ಟು ನೋಡುವ ಜನ. ಮದುವೆ ಊಟ ಅರಗುವ ಮುನ್ನವೇ ಅವರಿಗೆ ಹುಣಸಗಿ ಕಡೆಯ ತಮ್ಮ ಹೊಲದ ಅಂಚಿನ ಕೃಷ್ಣೆಯ ಹಿನ್ನೀರು ನೆನಪಾಯಿತು. ಅಲ್ಲಿಯೂ ನೀರಿನೊಳಗೆ ಮರ ನಿಂತಿದ್ದವು. ಜಾಲಿಯಾದರೇನು, ಮರ ಮರವೇ. ಊರಿಗೆ ಬಂದವರೇ ದಂಡೆಗೆ ತಂತಿಬೇಲಿ ಹಾಕಿಸಿದರು. ಮೀನುಗಾರರ ಹರಿಗೋಲುಗಳು ಬೇಲಿಯ ಹೊರಗೆ ಬೋರಲು ಬಿದ್ದವು.

ನದಿದಂಡೆಯ ಮಂದಿ ಹೋಗಿ ಕೇಳಿದಾಗ ಗೌಡರು ಮೆತ್ತಗೆ ಮಾತಾಡಿದ್ದರು. "ಯಾದಗಿರಿಯಿಂದ ಸಾಹೇಬ್ರು ನೋಡಾಕ ಬರ್ತಾರ. ಅವರು ಹೂಂ ಅನ್ನೋತನಕ ನಾ ಹೇಳಿದಂಗ ಕೇಳ್ರಿ. ಆಮ್ಯಾಗ ನಿಮಗ ಒಂದ್ ಕಡೆ ಬೇಲಿ ಖುಲ್ಲಾ ಮಾಡ್ತೀನಿ."

ಅದಕ್ಕೇ ಭಾಗಣ್ಣ ಮೊಸಳೆಯಾದ. ಅವನ ಮೈದುನ ಬಾಲರಾಜ ಮೈಗೆಲ್ಲ ಸುಣ್ಣ ಬಳಿದುಕೊಂಡು ಒಂಟಿಕಾಲಿನ ಕೊಕ್ಕರೆಯಾದ. ಭಾಗಣ್ಣನ ಹೆಂಡತಿ ಹಣಮಂತಮ್ಮನಿಗೆ ಹುಲ್ಲಿನ ಲಂಗ ಬಂತು.

"ಇದೇನ್ರಿ ಗೌಡ್ರ?"

"ಸ್ಥಳೀಯ ಸಂಸ್ಕೃತಿ. ನೀ ಬುಡಕಟ್ಟಿನ ಹೆಣ್ಣು."

"ನಾ ಹುಣಸಗಿ ಸಂತ್ಯಾಗ ಮೀನ ಮಾರಾಕಿ ರೀ."

"ಸಾಹೇಬ್ರು ಹೋಗೋಮಟ ಬುಡಕಟ್ಟು. ಹಲಗಿ ಬಿಟ್ಟು ಕೆಳಗಿಳಿ ಮೊದಲ. ಹೊಲಸ ಕಾಲು."

ಆ ಹಲಗೆಗಳನ್ನು ತಲೆಯ ಮೇಲೆ ಹೊತ್ತು ತಂದವಳು ಅವಳೇ. ಸೀರೆಯ ಮೇಲೆಯೇ ಲಂಗ ಕಟ್ಟಿಕೊಂಡು ಕೆಸರಿಗಿಳಿದಳು.

ನೋಡಲು ಬಂದ ಅರಣ್ಯ ಇಲಾಖೆಯ ಪ್ರವೀಣಕುಮಾರ ಸಾಹೇಬರು ಬೆಂಗಳೂರಿನವರು. ಯಾದಗಿರಿಗೆ ಬಂದು ವರ್ಷ ಕಳೆದಿದ್ದರೂ ಬಿಸಿಲಿಗೆ ಹೆದರಿ ಕಚೇರಿ ಬಿಟ್ಟು ಹೊರಬಿದ್ದಿದ್ದು ಕಡಿಮೆ. ಹಲಗೆಯ ಮೇಲೆ ನಡೆಯುತ್ತ ಅವರು ಮರಗಳ ಬುಡ ನೋಡಿದರು.

"ಕಾಂಡ್ಲಾಕ್ಕೆ ಉಸಿರಾಡುವ ಬೇರು ಇರಬೇಕಲ್ಲ?"

"ಅಗೋ ನೋಡ್ರಿ!" ಗೌಡರು ಕೆಸರಿನಲ್ಲಿ ನೆಟ್ಟ ಬೋರ್‌ವೆಲ್ ಪೈಪಿನ ತುಂಡುಗಳನ್ನು ತೋರಿಸಿದರು. ಅವಕ್ಕೆ ಕಂದು ಬಣ್ಣ ಬಳಿದಿತ್ತು. ಸಾಹೇಬರು ಬಗ್ಗಿ ನೋಡಿದರು.

"ಬೇರಿನ ಮೇಲೆ ಐಎಸ್‌ಐ ಗುರುತು ಇದೆಯಲ್ರೀ?"

"ಚಲೋ ತಳಿ ಐತ್ರಿ ಸಾಹೇಬ್ರ."

ಸಾಹೇಬರು ತಲೆಯಾಡಿಸಿ ಮುಂದೆ ನಡೆದರು. ಬಾಲರಾಜ ಕೊಕ್ಕರೆಗೆ ಕೆಮ್ಮು ಬಂತು. ಗೌಡರು, ಅದು ಈ ಸೀಮೆಯ ಕೊಕ್ಕರೆಯ ಕೂಗು ಎಂದರು.

ಹಣಮಂತಮ್ಮನಿಗೆ ಹಾಡಿ ಕುಣಿಯೆಂದರು. ಅವಳಿಗೆ ಬುಡಕಟ್ಟಿನ ಹಾಡು ಎಲ್ಲಿಂದ ಬರಬೇಕು? ಸಂತೆಯಲ್ಲಿ ದಿನವೂ ಕೂಗುವ ಮೀನಿನ ಹೆಸರುಗಳನ್ನೇ ರಾಗವಾಗಿ ಎಳೆದಳು. "ಕೊರವಾ... ಬಾಳೀ... ಕಾಟ್ಲಾ... ರಹೂ... ತಾಜಾ... ತಾಜಾ..."

"ಯಾವ ಭಾಷೆ ಇದು?"

"ಭಾಳ ಹಳೀದ್ರಿ. ಈಗ ಯಾರಿಗೂ ಅರ್ಥ ಆಗಂಗಿಲ್ರಿ," ಎಂದರು ಗೌಡರು.

ಆಗ ಜಾಲಿಗಿಡದ ಮರೆಯಿಂದ ಭಾಗಣ್ಣ ತೇಲಿ ಬಂದ. ಬಾಲ ಚೆನ್ನಾಗಿಯೇ ಅಳ್ಳಾಡಿತು. ಸಾಹೇಬರು ಹೌಹಾರಿ ಗೌಡರ ಹೆಗಲು ಹಿಡಿದುಕೊಂಡರು. ಆಮೇಲೆ ಸಂತೋಷ ತಡೆಯಲಾರದೆ ಫೋಟೋ ಹೊಡೆದುಕೊಂಡರು.

"ಇಷ್ಟು ದೊಡ್ಡ ಮೊಸಳೆ! ಗೌಡರೇ, ಈ ನೀರಿಗೆ ಇನ್ನು ಮನುಷ್ಯರು ಇಳಿಯುವಂತಿಲ್ಲ. ಹರಿಗೋಲು, ಬಲೆ ಎಲ್ಲ ಬಂದ್. ಇಲ್ಲಿನ ಮೀನು ಮೊಸಳೆಯ ಆಹಾರ. ಮೊಸಳೆಗೆ ತೊಂದರೆ ಕೊಟ್ಟವನನ್ನು ಒಳಗೆ ಹಾಕಿಸುತ್ತೇನೆ."

ಟ್ಯೂಬಿನ ಕೆಳಗೆ ಭಾಗಣ್ಣನಿಗೆ ಎಲ್ಲ ಕೇಳಿಸಿತು. ಬಾಲ ನಿಂತುಹೋಯಿತು.

ಸಾಹೇಬರ ಜೀಪು ಹೋದ ಮೇಲೆ ಅವನು ನೀರು ಸುರಿಸುತ್ತ ಗೌಡರ ಮುಂದೆ ನಿಂತ. "ಬೇಲಿ ಖುಲ್ಲಾ ಮಾಡ್ತೀನಿ ಅಂದಿದ್ರಿ."

"ಸಾಹೇಬ್ರ ಹುಕುಂ ಕೇಳಿದಿಲ್ಲೇನು? ಮೊಸಳಿ ಐತಿ ನೀರಾಗ."

"ಯಾವ ಮೊಸಳಿ ರೀ? ನಾನ ಅಲ್ಲೇನ್ರಿ ಅದು?"

"ಹಂಗಂತ ಊರಾಗ ಬಾಯಿ ಬಿಟ್ಟೀದಿ ಅಂದ್ರ, ಸರಕಾರಕ್ಕ ಮೋಸ ಮಾಡ್ಯಾನಂತ ನಿನ್ನ ಮ್ಯಾಲೇ ಕೇಸ್ ಹಾಕಿಸ್ತೀನಿ. ಆಯ್ತಾರ ಮಂದಿ ಬರ್ತಾರ, ಜಲ್ದಿ ಬಂದು ನೀರಾಗ ಬೀಳು."

ಭಾಗಣ್ಣ ಮನೆಗೆ ಬಂದು ಟ್ಯೂಬಿನ ಚರ್ಮ ಬಿಚ್ಚಿ ಮೂಲೆಗೆ ಎಸೆದ. ತನ್ನ ಹೊಟ್ಟೆಯ ಮೇಲೆ ತಾನೇ ಬಾಲ ಬೀಸಿಕೊಂಡೆನಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ಹಣಮಂತಮ್ಮ ಹುಲ್ಲಿನ ಲಂಗ ಬಿಚ್ಚಿ ಎಮ್ಮೆಗೆ ಹಾಕಿದಳು. ಎಮ್ಮೆ ಮೂಸಿ ಬಿಟ್ಟಿತು.

"ನೀರಿಗಿ ಮನಷ್ಯಾರು ಇಳೀಬಾರ್ದಂತ ಅಂದ ಹೌದಿಲ್ಲೋ ಸಾಹೇಬ?"

"ಹೂಂ."

"ಮೊಸಳಿಗಿ ತೊಂದರಿ ಕೊಟ್ರ ಒಳಗ ಹಾಕ್ತೀನಿ ಅಂದ?"

"ಹೂಂ, ಅದಕ್ಕೇನಾತು?"

ಅವಳು ಕೆಂಭಾವಿಯ ಬಸ್ಸು ಹತ್ತಿದಳು. ಲಾಡ್ಲೇಸಾಬನ ಪಂಕ್ಚರ್ ಅಂಗಡಿಯ ಹಿಂದೆ ಹಾಳು ಟ್ಯೂಬಿನ ರಾಶಿಯೇ ಬಿದ್ದಿತ್ತು. "ಇಷ್ಟೆಲ್ಲಾ ಒಯ್ದು ಏನ್ ಮಾಡ್ತೀ ಅಕ್ಕಾ?" ಎಂದ ಅವನು. "ಮನಿಮಂದಿಗೆಲ್ಲಾ ಅಂಗಿ ಹೊಲಸ್ತೀನಿ," ಎಂದಳು.

ಭಾನುವಾರ ಹಲಗೆಯ ತುಂಬ ಜನ. ಶಹಾಪುರ, ಸುರಪುರದಿಂದೆಲ್ಲ ಬಂದಿದ್ದರು. ಗೌಡರು ತಲೆಗೆ ಜರಿಯ ಪಟಗ ಸುತ್ತಿಕೊಂಡು, "ಒಂದ ಮೊಸಳಿ ಐತ್ರಿ, ಸುಮ್ಮನ ನಿಂತು ನೋಡ್ರಿ," ಎನ್ನುತ್ತಿರುವಾಗಲೇ ಬೇಲಿಯ ತಂತಿ ಕೊಂಯ್ ಎಂದಿತು. ದಂಡೆಯ ಕೇರಿಗೆ ಕೇರಿಯೇ ಬಾಲ ಎಳೆದುಕೊಂಡು ನೀರಿಗಿಳಿಯಿತು. ಒಂದು ಮೊಸಳೆ ಬೀಡಿ ಸೇದುತ್ತಿತ್ತು. ಒಂದರ ಕೆಳಗೆ ಇಳಕಲ್ ಸೀರೆಯ ಸೆರಗು. ಎಲ್ಲರ ಹೆಗಲ ಮೇಲೂ ಬಲೆ.

ಮಂದಿ ಸಿಳ್ಳೆ ಹಾಕಿದರು. ಗೌಡರು ಅವಸರದಲ್ಲಿ ಸಾಹೇಬರಿಗೆ ಫೋನು ಮಾಡಿದರು.

"ಸಾಹೇಬ್ರ, ಇಲ್ಲಿ ಮೊಸಳಿ ಭಾಳ ಬಂದಾವ್ರಿ..."

"ಭೇಷ್! ಸಂತಾನ ಬೆಳೆಯಲಿ. ಮುಟ್ಟಬೇಡಿ ಮತ್ತೆ!" ಫೋನು ಕಟ್ಟಾಯಿತು.

"ಹೊರಗ ಬರ್ರಲೇ ಕಳ್ಳಸೂಳಿಮಕ್ಕಳ್ಯಾ!" ಗೌಡರು ಹಲಗೆಯ ಅಂಚಿಗೆ ಬಂದು ಕಿರುಚಿದರು.

"ಮೊಸಳಿಗಿ ಬೈತೀರೇನ್ರಿ ಗೌಡ್ರ?" ಹಲಗೆಯ ಮೇಲಿನವರೊಬ್ಬರು ನಕ್ಕರು.

ಗೌಡರು ಪಂಜೆ ಎತ್ತಿ ಕಟ್ಟಿ ನೀರಿಗೇ ಧುಮುಕಿದರು. ಕೈಗೆ ಸಿಕ್ಕ ಮೊದಲ ಬಾಲ ಹಿಡಿದು ಜಗ್ಗಿದರು. ಅದು ಹಣಮಂತಮ್ಮನ ಬಾಲ. ಅವಳು ತಿರುಗಿ ನಿಂತಳು. ಹೆಗಲ ಮೇಲಿನ ಬಲೆ ಗಾಳಿಯಲ್ಲಿ ಛತ್ರಿಯಂತೆ ಬಿಚ್ಚಿಕೊಂಡು ಗೌಡರ ಪಟಗದ ಮೇಲೆ ಮೆಲ್ಲಗೆ ಇಳಿಯಿತು. ಗೌಡರು ಒದ್ದಾಡಿದಷ್ಟೂ ಬಲೆ ಬಿಗಿಯಿತು.

"ಏನ್ ಬಿತ್ತ ಅಕ್ಕಾ?" ಬಾಲರಾಜ ಆಚೆಯಿಂದ ಕೇಳಿದ.

"ಗೊತ್ತಿಲ್ಲೋ. ದೊಡ್ಡದೈತಿ," ಎಂದಳು ಹಣಮಂತಮ್ಮ, ಹಗ್ಗ ಕೈಗೆ ಸುತ್ತಿಕೊಳ್ಳುತ್ತ. "ಎಲ್ಲಾರೂ ಬರ್ರಿ, ಎಳಿಯೋಣು."