ನಡುನೀರಿನ ಸಿಳ್ಳೆ

ಗಂಡನ ಹೆಸರು ಹೇಳಬಾರದು ಎಂದು ನನ್ನ ಅತ್ತೆ ಕಲಿಸಿದ್ದರು. ಆದರೆ ಹೆಸರು ಹೇಳದೆ ಈ ಕತೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ, ಅತ್ತೆಯೂ ಈಗಿಲ್ಲ. ನಮ್ಮವರ ಹೆಸರು ಅಬ್ದುಲ್ ಗಫೂರ್. ಶಿರಸಿಯಿಂದ ಯಲ್ಲಾಪುರಕ್ಕೆ ಇಪ್ಪತ್ತಾರು ವರ್ಷ ಎತ್ತಿನ ಗಾಡಿ ಹೊಡೆದವರು. ಆ ದಾರಿಯ ಪ್ರತಿ ಗುಂಡಿಗೂ ಅವರ ಬಾಯಲ್ಲಿ ಬೇರೆ ಬೇರೆ ಬೈಗುಳವಿತ್ತು; ನನಗೆ ಮಾತ್ರ ಒಂದು ದಿನವೂ ಬೈದವರಲ್ಲ. ಮನೆಯಲ್ಲಿ ಆ ಕೆಲಸವನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಮೂವತ್ತಾರನೆಯ ಇಸವಿಯ ಹೊತ್ತಿಗೆ ಗಾಡಿಗೆ ಬಾಡಿಗೆ ಸಿಗುವುದು ನಿಂತುಹೋಯಿತು. ಅಕ್ಕಿ ಮೂಟೆ, ಬೆಲ್ಲ, ಚಿಮಣಿ ಎಣ್ಣೆ ಡಬ್ಬ, ಎಲ್ಲವೂ ಲಾರಿ ಹತ್ತಿದವು. ನಮ್ಮವರು ಒಂದು ತಿಂಗಳು ಮಂಕು ಕವಿದು ಕೂತರು. ಆಮೇಲೆ ಒಂದು ಬೆಳಿಗ್ಗೆ ಎದ್ದು, ಎತ್ತುಗಳನ್ನು ದಾಸನಕೊಪ್ಪದ ಬಸಪ್ಪನಿಗೆ ಮಾರಿ, ನಲವತ್ತಾರನೆಯ ವಯಸ್ಸಿನಲ್ಲಿ ಮೋಟಾರು ಕಲಿಯಲು ಹುಬ್ಬಳ್ಳಿಗೆ ಹೊರಟರು. ಮೂರು ತಿಂಗಳಿಗೆ ಲೈಸೆನ್ಸು ಹಿಡಿದು ಬಂದಾಗ ಓಣಿಯೆಲ್ಲ ನಕ್ಕಿತು. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ, ಗಫೂರನಿಗೆ ನಲವತ್ತಾರಕ್ಕೇ ಬಂತು ಎಂದರು.

ಅವರು ಹೊಡೆಯಬೇಕಿದ್ದ ಲಾರಿ ಅಬ್ದುಲ್ ರಜಾಕ್ ಸಾಹೇಬರದು. ಒಳ್ಳೆಯ ಮನುಷ್ಯರೇ, ಆದರೆ ಒಂದು ಮಾತನ್ನು ಮೂರು ಸಲ ಹೇಳದೆ ಬಿಡುವವರಲ್ಲ. ಒಂದು ಸಲ ಲಾರಿಯನ್ನು ಯಲ್ಲಾಪುರಕ್ಕೆ ಮುಟ್ಟಿಸಿ ತೋರಿಸು, ಮುಟ್ಟಿಸಿದರೆ ಕೆಲಸ ನಿನ್ನದು, ಆಗದಿದ್ದರೆ ಹುಬ್ಬಳ್ಳಿಯಿಂದ ಬೇರೆ ಡ್ರೈವರನನ್ನು ಕರೆಸುತ್ತೇನೆ ಎಂದರು. ಎತ್ತುಗಳು ಹೋಗಿದ್ದವು. ಗಾಡಿ ಹಿತ್ತಲಲ್ಲಿ ಕೋಳಿಗಳ ಪಾಲಾಗಿತ್ತು. ಈ ಕೆಲಸವೂ ತಪ್ಪಿದರೆ ಪೇಟೆಯಲ್ಲಿ ಮೂಟೆ ಹೊರುವುದೊಂದೇ ದಾರಿ, ಅವರ ಬೆನ್ನು ಅದಕ್ಕೆ ಒಗ್ಗುವುದಿಲ್ಲ. ದಿನಾ ಅದಕ್ಕೆ ಎಣ್ಣೆ ತಿಕ್ಕುವವಳಿಗೆ ಗೊತ್ತಿರುವುದಿಲ್ಲವೇ? ನನಗೆ ಹೆದರಿಕೆಯಾಗಿತ್ತು. ಯಲ್ಲಾಪುರದಲ್ಲಿರುವ ತಂಗಿ ಕುಲ್ಸುಮ್‌ಗೆ ಹೊಸ ಸೀರೆ ಕೊಡಬೇಕೆಂಬ ನೆಪ ಹೂಡಿ ನಾನೂ ಲಾರಿಯ ಹಿಂಭಾಗದಲ್ಲಿ ಅಕ್ಕಿ ಮೂಟೆಗಳ ಮೇಲೆ ಹತ್ತಿ ಕೂತೆ.

ಹಿಂದಿನ ದಿನವಷ್ಟೇ ಉತ್ತರೆ ಮಳೆ ಹೊಡೆದು ಹೋಗಿತ್ತು. ಮಂಚಿಕೇರಿಗೆ ಇನ್ನೆರಡು ಮೈಲಿ ಇರುವಾಗ ದಾರಿಗೆ ಅಡ್ಡಬರುವ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಈಚೆ ದಡದಲ್ಲಿ ದ್ಯಾವಮ್ಮ ಎಂಬ ಮುದುಕಿ ಹುಲ್ಲಿನ ಹೊರೆ ಇಳಿಸಿ ಕೂತಿದ್ದಳು. ಅವಳ ಮನೆ ಆಚೆ ದಡದಲ್ಲಿ. ಅಲ್ಲಿ ಗದ್ದೆಯ ಬದುವಿನ ಮೇಲೆ ಅವಳ ಮಗ ಹೊನ್ನ ಎತ್ತು ಮೇಯಿಸುತ್ತಿದ್ದುದು ಕಾಣುತ್ತಿತ್ತು. ನೀರು ಇಳಿಯುವ ತನಕ ತಾನು ದಾಟುವುದಿಲ್ಲ, ಮೋಟಾರು ದಾಟುವುದಾದರೆ ಪುಕ್ಕಟೆ ನೋಡುತ್ತೇನೆ ಎಂದಳು.

ನಮ್ಮವರ ಪಕ್ಕದಲ್ಲಿ ಕೂತು ಬಂದಿದ್ದ ರಜಾಕ್ ಸಾಹೇಬರು ಇಳಿದು ನಿಂತು, ಹುಬ್ಬಳ್ಳಿಯ ಮೇಸ್ತ್ರಿ ತಮಗೆ ಹೇಳಿಕೊಟ್ಟ ಪಾಠವನ್ನೆಲ್ಲ ಒಪ್ಪಿಸಿದರು. ಕಾಲಿನಿಂದ ಅಳೆಯದ ನೀರಿಗೆ ಗಾಲಿ ಇಳಿಸಬಾರದು. ಫ್ಯಾನಿನ ಪಟ್ಟಿ ಬಿಚ್ಚಿಡಬೇಕು, ಇಲ್ಲದಿದ್ದರೆ ಫ್ಯಾನು ಇಂಜಿನ್ನಿನ ಮೇಲೇ ನೀರು ಎರಚುತ್ತದೆ. ಕಿಡಿ ಹಾರಿಸುವ ತಂತಿಗಳಿಗೆ ಮೇಣದ ಬಟ್ಟೆ ಸುತ್ತಬೇಕು. ಒಂದನೆಯ ಗೇರಿನಲ್ಲಿ ಇಳಿದು ಅದೇ ಗೇರಿನಲ್ಲಿ ಹತ್ತಬೇಕು. ಜೋರಾಗಿ ಓಡಿಸಿದರೆ ಅಲೆ ಎದ್ದು ಇಂಜಿನ್ ತೋಯುತ್ತದೆ, ನಿಲ್ಲಿಸಿದರೆ ಹೊಗೆಯ ಕೊಳವೆಯೊಳಗೆ ನೀರು ಏರುತ್ತದೆ. ಏನೇ ಆಗಲಿ ನಡುವೆ ನಿಲ್ಲಿಸಬಾರದು ಎಂಬುದನ್ನು ಅವರು ಮೂರಲ್ಲ, ಆರು ಸಲ ಹೇಳಿದರು.

ನಮ್ಮವರು ಲುಂಗಿ ಎತ್ತಿಕಟ್ಟಿ ಕೋಲು ಹಿಡಿದು ನೀರಿಗಿಳಿದರು. ಅವರನ್ನು ನೋಡಬೇಕಾದದ್ದು ಹಳ್ಳದಲ್ಲಿಯೇ. ನೀರು ಸದ್ದಿಲ್ಲದೆ ಸುತ್ತುವ ಕಡೆ ಮರಳಿನ ಗುಂಡಿ, ಚಿಲ್ಲೆಂದು ಕುಣಿಯುವ ಕಡೆ ಗಟ್ಟಿ ಜಲ್ಲಿ. ಕೋಲು ಊರುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ಆಚೆ ದಡ ಮುಟ್ಟಿ ಮರಳಿ ಬಂದು, ತಮ್ಮ ತೊಡೆ ಎಲ್ಲಿಯವರೆಗೆ ಒದ್ದೆಯಾಗಿದೆ ಎಂಬುದನ್ನು ಲಾರಿಯ ಪಕ್ಕ ನಿಂತು ಅಳೆದರು. ಫ್ಯಾನಿನ ಕೆಳಗಿನ ಎಲೆಗೆ ತಾಗುತ್ತದೆ, ತಂತಿಗೆ ತಾಗುವುದಿಲ್ಲ ಎಂದರು. ಪಟ್ಟಿ ಬಿಚ್ಚಿದರು, ಬಟ್ಟೆ ಸುತ್ತಿದರು, ಬಿಸ್ಮಿಲ್ಲಾ ಹೇಳಿ ಸ್ಟಿಯರಿಂಗ್ ಹಿಡಿದರು. ರಜಾಕ್ ಸಾಹೇಬರು ಪಕ್ಕದಲ್ಲಿ ಕೂತರು.

ಲಾರಿ ಮೆಲ್ಲಗೆ ನೀರಿಗಿಳಿಯಿತು. ಮುಂದೆ ಒಂದು ಚಿಕ್ಕ ಅಲೆ ತಳ್ಳಿಕೊಂಡು, ಹಿಂದೆ ಗುಳುಗುಳು ಎಂದು ಹೊಗೆ ಬಿಡುತ್ತ, ಜಲ್ಲಿಯ ಜಾಡು ಒಂದು ಗೇಣೂ ತಪ್ಪದೆ ಸಾಗಿತು. ಮೂಟೆಯ ಮೇಲೆ ಕೂತಿದ್ದ ನಾನು ದುವಾ ಓದುವುದನ್ನು ಬಿಟ್ಟು ಹೆಮ್ಮೆಪಡಲು ಶುರುಮಾಡಿದ್ದೆ. ಅಷ್ಟರಲ್ಲಿ ಹಳ್ಳದ ನಟ್ಟನಡುವೆ ಲಾರಿ ನಿಂತಿತು. ತಾನಾಗಿ ನಿಂತದ್ದಲ್ಲ, ನಮ್ಮವರು ನಿಲ್ಲಿಸಿದರು. ನಿಲ್ಲಿಸಿ, ಹಿಂದಕ್ಕೆ ಒರಗಿ, ತುಟಿ ಮುಂದೆ ಮಾಡಿ ಸಿಳ್ಳೆ ಹಾಕತೊಡಗಿದರು.

ಗಾಡಿಯವರ ಮನೆಯಲ್ಲಿ ಬಾಳಿದವರಿಗೆ ಆ ಸಿಳ್ಳೆ ಗೊತ್ತು. ಹಳ್ಳ ಬಂತೆಂದರೆ ನಡುನೀರಿನಲ್ಲಿ ಗಾಡಿ ನಿಲ್ಲಿಸಬೇಕು. ಗಾಲಿಯ ಮರ ನೆನೆದು ಕಬ್ಬಿಣದ ಬಳೆ ಬಿಗಿಯಾಗಬೇಕು, ಎತ್ತುಗಳು ನೀರು ಕುಡಿಯಬೇಕು. ಅವು ಅವಸರವಿಲ್ಲದೆ ಹೊಟ್ಟೆ ತುಂಬ ಕುಡಿಯಲಿ ಎಂದು ಗಾಡಿಯವನು ಉದ್ದಕ್ಕೆ ಸಿಳ್ಳೆ ಎಳೆಯುತ್ತಿರಬೇಕು. ಇಪ್ಪತ್ತಾರು ವರ್ಷ ಅವರು ಇದೇ ಹಳ್ಳದ ಇದೇ ಜಾಗದಲ್ಲಿ ಅದನ್ನೇ ಮಾಡಿದ್ದರು. ಹುಬ್ಬಳ್ಳಿಗೆ ಹೋಗಿ ಮೋಟಾರು ಕಲಿತದ್ದು ಅವರ ತಲೆ. ಕಾಲಿಗೆ ಯಾರೂ ಏನೂ ಹೇಳಿರಲಿಲ್ಲ. ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅದು ಸುಮ್ಮನಾದ ಮೇಲೂ ಸಿಳ್ಳೆ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಈಚೆ ದಡದಲ್ಲಿ ದ್ಯಾವಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಚೆಯಿಂದ ಹೊನ್ನ ಎತ್ತುಗಳನ್ನು ಹೊಡೆದುಕೊಂಡು ಬಂದ. ಅವು ಲಾರಿಯ ಮುಂದೆ ಬಂದು ನಿಂತು ಮೊದಲು ನೀರಿಗೆ ಬಾಯಿ ಹಾಕಿದವು. ಹೊನ್ನ ಅವಸರಪಡದೆ ಸಿಳ್ಳೆ ಹಾಕಿ ಕುಡಿಸಿದ. ಅವನನ್ನು ಯಾರೂ ಬೈಯಲಿಲ್ಲ. ಆಮೇಲೆ ಹಗ್ಗ ಕಟ್ಟಿ ಲಾರಿಯನ್ನು ಆಚೆ ದಡದ ಏರಿಗೆ ಎಳೆದು ನಿಲ್ಲಿಸಿದ.

ರಜಾಕ್ ಸಾಹೇಬರು ಜೋರು ಮಾಡಲಿಲ್ಲ. ಚಪ್ಪಲಿಯ ನೀರು ಬಗ್ಗಿಸಿದರು, ಗಡ್ಡ ಒರೆಸಿಕೊಂಡರು.

"ಗಫೂರ್ ಭಾಯಿ, ನೀನು ಗಾಡಿಯವ. ಮೋಟಾರಿನವ ಅಲ್ಲ," ಎಂದರು. ಜೀವಮಾನದಲ್ಲಿ ಅವರು ಒಂದೇ ಸಲ ಹೇಳಿದ ಮಾತು ಅದು. ಮಂಚಿಕೇರಿಯಿಂದ ಯಾರನ್ನಾದರೂ ಕರೆಸುವುದು ಹೇಗೆಂದು ವಿಚಾರಿಸುತ್ತ ಹೊನ್ನನ ಜೊತೆ ಅವನ ಮನೆಗೆ ಮಜ್ಜಿಗೆ ಕುಡಿಯಲು ನಡೆದರು.

ನಮ್ಮವರು ಗಾಲಿಗೆ ಒರಗಿ ತಮ್ಮ ಬಲಗಾಲನ್ನೇ ನೋಡುತ್ತ ಕೂತರು. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ನೀರು ಕಂಡಾಗ ತನಗಿಂತ ಮೊದಲು ಎತ್ತಿನ ಬಾಯಾರಿಕೆ ನೆನೆದ ಕಾಲು ಅದು, ಅದಕ್ಕೆ ಏನೆಂದು ಬೈಯುವುದು? ಆದರೆ ಅಳುತ್ತ ಕೂತರೆ ಲಾರಿ ಒಣಗುವುದಿಲ್ಲ. ಏರಿನಲ್ಲಿ ನಿಂತಿದ್ದರಿಂದ ಕೊಳವೆಯ ನೀರು ತಾನಾಗಿ ಸುರಿದುಹೋಗಿತ್ತು. ಹುಬ್ಬಳ್ಳಿಯಿಂದ ಬಂದ ಮೇಲೆ ಅವರು ರಾತ್ರಿಯೆಲ್ಲ ಒಪ್ಪಿಸುತ್ತಿದ್ದ ಮೋಟಾರು ಪಾಠ ನನಗೂ ಬಾಯಿಗೆ ಬಂದಿತ್ತು. ಪ್ಲಗ್ಗು ಬಿಚ್ಚಿ ಎಂದೆ. ಒರೆಸಲು ಒಣ ಬಟ್ಟೆ ಎಲ್ಲಿದೆ ಎಂದರು. ಕುಲ್ಸುಮ್‌ಳ ಹೊಸ ಸೀರೆಯನ್ನು ಬಿಚ್ಚಿ ಕೈಗೆ ಕೊಟ್ಟೆ. ಒರೆಸಿ, ಊದಿ, ಬಿಸಿಲಿಗೆ ಹಿಡಿದು, ಮತ್ತೆ ಕೂರಿಸಿ ಹ್ಯಾಂಡಲ್ ತಿರುಗಿಸಿದರು. ಆರನೆಯ ಸುತ್ತಿಗೆ ಇಂಜಿನ್ ಎದ್ದಿತು.

ಈಗ ಹಳ್ಳ ದಾಟಿ ಶಿರಸಿಯ ಕಡೆಯ ದಡಕ್ಕೆ ಹೋಗಿ, ಮತ್ತೆ ದಾಟಿ ಇಲ್ಲಿಗೇ ಬರೋಣ ಎಂದೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು.

"ನನ್ನ ಕಾಲು ನನ್ನ ಮಾತೇ ಕೇಳೋದಿಲ್ಲ, ಶಮ್ಸು," ಎಂದರು.

"ನನ್ನ ಮಾತು ಕೇಳ್ತದೆ, ನಡೀರಿ," ಎಂದು ನಾನು ಮುಂದಿನ ಸೀಟು ಹತ್ತಿದೆ.

ಲಾರಿ ತಿರುಗಿಸಿ ನೀರಿಗಿಳಿಸಿದರು. ನಡುಭಾಗ ಹತ್ತಿರ ಬಂದಂತೆ ಅವರ ಮುಖ ಬಿಗಿಯಿತು, ತುಟಿ ತಾನಾಗಿ ಮುಂದೆ ಬಂತು, ವೇಗದ ಪೆಡಲು ಬಿಟ್ಟು ಬಲ ಮೊಣಕಾಲು ನಿಧಾನವಾಗಿ ಮೇಲೇಳತೊಡಗಿತು. ನಾನು ಬಗ್ಗಿ ಎರಡೂ ಕೈಗಳಿಂದ ಆ ಮೊಣಕಾಲನ್ನು ಅದುಮಿ ಹಿಡಿದೆ. ಹಾಡುಹಗಲಲ್ಲಿ, ದ್ಯಾವಮ್ಮನ ಕಣ್ಣೆದುರಿಗೆ, ತಲೆಯ ಸೆರಗು ಎಲ್ಲಿ ಹೋಯಿತೆಂಬುದೇ ಗೊತ್ತಿಲ್ಲ. ಮೊಣಕಾಲು ಒಂದು ಗಳಿಗೆ ನನ್ನ ಜೊತೆ ಜಗಳಾಡಿತು. ಗೆದ್ದದ್ದು ನಾನು. ಲಾರಿ ಗುಡುಗುತ್ತ ಶಿರಸಿಯ ಕಡೆಯ ದಡ ಹತ್ತಿತು.

ಇಂಜಿನ್ ಸದ್ದು ಕೇಳಿ ರಜಾಕ್ ಸಾಹೇಬರು ಮಜ್ಜಿಗೆ ಬಿಟ್ಟು ಓಡಿಬಂದಿದ್ದರು. ಆಚೆ ದಡದಲ್ಲಿ ನಿಂತು ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದರು. ಮೂರು ಸಲ ಕೂಗಿರಬೇಕು. ನಮ್ಮವರು ಗಾಡಿಗಳ ತಂಗುದಾಣದಲ್ಲಿ ಲಾರಿ ತಿರುಗಿಸಿ ನನ್ನ ಕೈಗಳ ಕಡೆ ನೋಡಿದರು. ಆದರೆ ದಿನವೂ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾರಿ ಹೊಡೆಯಲಾಗುತ್ತದೆಯೇ? ನಾನು ಬಾಗಿಲು ತೆಗೆದು ಕೆಳಗಿಳಿದೆ. ಈಗ ಒಬ್ಬರೇ ಹೋಗಿ ಎಂದೆ. ಅವರು ಬಲ ಮೊಣಕಾಲನ್ನು ಒಮ್ಮೆ ತಟ್ಟಿ ಸ್ಟಿಯರಿಂಗ್ ಹಿಡಿದರು.

ಲಾರಿ ನೀರಿಗಿಳಿಯಿತು. ನಾನು ದ್ಯಾವಮ್ಮನ ಪಕ್ಕದಲ್ಲಿ ನಿಂತು ಅವಳ ತೋಳು ಹಿಡಿದುಕೊಂಡೆ. ನಡುನೀರು ಬಂತು. ಇಂಜಿನ್ನಿನ ಸದ್ದು ಒಂದು ಎಳೆ ತಗ್ಗಿತು. ಮರುಕ್ಷಣ ಸದ್ದು ಮತ್ತೆ ಏರಿತು, ಲಾರಿ ಮುಂದೆ ಸರಿಯಿತು, ನೀರು ಬಂಪರಿನಿಂದ ಗಾಲಿಗೆ, ಗಾಲಿಯಿಂದ ಜಲ್ಲಿಗೆ ಇಳಿಯಿತು. ಏರು ಹತ್ತುವಾಗಲೂ ನಮ್ಮವರು ನಿಲ್ಲಿಸಲಿಲ್ಲ. ರಜಾಕ್ ಸಾಹೇಬರು ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡಿ, ಕಾಲಿಡುವ ಹಲಗೆಗೆ ಹಾರಿ, ಬಾಗಿಲು ಹಿಡಿದು ಒಳಗೆ ತೂರಿಕೊಂಡರು. ಲಾರಿ ಮಂಚಿಕೇರಿಯ ತಿರುವಿನಲ್ಲಿ ಮರೆಯಾಯಿತು. ಸದ್ದು ದೂರವಾಗುತ್ತ ಹೋಯಿತು, ಎಷ್ಟು ಹೊತ್ತಾದರೂ ಹಿಂದೆ ಬರಲಿಲ್ಲ.

ದ್ಯಾವಮ್ಮ ನನ್ನನ್ನು ನೋಡಿದಳು, ತುಂಬಿದ ಹಳ್ಳವನ್ನು ನೋಡಿದಳು.

"ಎಂತದೇ ತಂಗಿ ಇದು, ನಿನ್ನ ಗಂಡ ನಿನ್ನ ಇಲ್ಲೇ ಮರ್ತು ಹೋದ್ನಲೇ," ಎಂದಳು.

ನನ್ನ ಕಣ್ಣು ತುಂಬಿ ಆಚೆ ದಡ ಸರಿಯಾಗಿ ಕಾಣುತ್ತಿರಲಿಲ್ಲ. "ಮರೀಲಿ ಬಿಡು ದ್ಯಾವಮ್ಮ," ಎಂದೆ. "ನಿಲ್ಸಲಿಲ್ಲ, ನೋಡಿದ್ಯಾ?"