ಉಗಿಯದ ಗುಟುಕು

ಕಾಫಿ ಕಂಪನಿಯಲ್ಲಿ ನನ್ನ ಕೆಲಸ ಕಾಫಿ ಕುಡಿಯುವುದಲ್ಲ, ಉಗಿಯುವುದು. ಉದ್ದನೆಯ ಮೇಜಿನ ಮೇಲೆ ಬಟ್ಟಲುಗಳ ಸಾಲು. ಚಮಚದಲ್ಲಿ ತೆಗೆದು, ಸೊರ್ರೆಂದು ಹೀರಿ, ಬಾಯೆಲ್ಲ ಆಡಿಸಿ, ಕೈಯಲ್ಲಿರುವ ಡಬ್ಬಕ್ಕೆ ಉಗಿದು ಅಂಕ ಹೇಳಬೇಕು. ಯಾವ ಬಟ್ಟಲಲ್ಲಿ ಯಾವ ತೋಟದ ಬೀಜ ಎಂಬುದು ನಮಗೆ ಗೊತ್ತಿರುವುದಿಲ್ಲ.

ಮೊದಲೆಲ್ಲ ಇಷ್ಟವಾದದ್ದನ್ನು ಒಂದೆರಡು ಚಮಚ ನುಂಗುತ್ತಿದ್ದೆ. ಈಗ ಅದೂ ಇಲ್ಲ. ಮೂತ್ರಕೋಶದ ಒಳಪದರ ಕೆರಳಿದೆ ಎಂದರು ಡಾಕ್ಟರು. ಸೋಂಕಲ್ಲ, ಕಲ್ಲಲ್ಲ, ಪೂರ್ತಿ ವಾಸಿಯಾಗುತ್ತದೆಂಬ ಭರವಸೆಯೂ ಇಲ್ಲ. ಕಾಫಿ, ಟೀ, ಹುಳಿ ಹಣ್ಣು ಒಳಗೆ ಹೋದರೆ ಕೆಳಹೊಟ್ಟೆಯಲ್ಲಿ ಕೆಂಡ ಇಟ್ಟಂತೆ. ಅವರು ಎಲ್ಲವನ್ನೂ ಬಿಡಲು ಹೇಳುತ್ತಿದ್ದಾಗ, ಗೋಡೆಯ ಚಿತ್ರದಲ್ಲಿ ಮೂತ್ರಕೋಶಕ್ಕೆ ಯಾಕೆ ಗುಲಾಬಿ ಬಣ್ಣ ಹಚ್ಚಿದ್ದಾರೆ ಎಂದು ಯೋಚಿಸುತ್ತಿದ್ದೆ.

ಮನೆಯಲ್ಲಿ ಗಂಡ ನನ್ನ ಕಾಫಿ ಲೋಟಕ್ಕೆ ಬಿಸಿನೀರು ತುಂಬಿ ಕೊಡುತ್ತಾನೆ. "ಬಣ್ಣ ಒಂದಿಲ್ಲ ಅಷ್ಟೇ, ಹಬೆ ಬರ್ತಿದೆ ನೋಡು," ಎನ್ನುತ್ತಾನೆ. ನಗುತ್ತೇನೆ. ಅಲ್ಲಿ ನಗಬೇಕು ಎಂದು ಗೊತ್ತಿದೆ.

ಕಂಪನಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮ ಮೇಜಿನ ಹಿರಿಯರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತೇವೆ. ಸೋಮವಾರ ಅವರು ಉಳಿದವರೆಲ್ಲ ಹೋಗುವವರೆಗೆ ಕಾದು ನನ್ನನ್ನು ಕರೆದರು.

"ಮೊದಲನೇ ಬಟ್ಟಲು ಹೇಗಿತ್ತಮ್ಮ?"

"ಚೆನ್ನಾಗಿತ್ತು. ಕಿತ್ತಳೆ ಸಿಪ್ಪೆ ತರ ಹುಳಿ. ಎಂಟು ಕೊಟ್ಟೆ."

"ಕೊನೇದು?"

"ಬಾಯಿ ಹಿಂಡೋ ಹುಳಿ. ಐದು."

"ಎರಡೂ ಒಂದೇ ಕಾಫಿ. ನಾನೇ ಇಟ್ಟಿದ್ದು."

ನಾಲಿಗೆ ನೆಟ್ಟಗಿದೆಯೇ ಎಂದು ತಿಳಿಯಲು ಒಂದೇ ಕಾಫಿಯನ್ನು ಎರಡು ಕಡೆ ಅಡಗಿಸಿಡುವುದು ನಮ್ಮಲ್ಲಿ ರೂಢಿ. ಒಂದಂಕ ಆಚೀಚೆಯಾದರೆ ಯಾರೂ ಕೇಳುವುದಿಲ್ಲ.

"ನಾಳೆ ಇನ್ನೊಂದು ಸಲ ನೋಡೋಣ. ಹೀಗೇ ಆದ್ರೆ ಪ್ಯಾಕಿಂಗ್‌ಗೆ ಕಳಿಸ್ಬೇಕಾಗುತ್ತೆ. ನಂಗೇನು ಖುಷಿನಾ?" ಎಂದರು. "ಆಗಾಗ ಎದ್ದು ಹೋಗ್ತೀಯ ಬೇರೆ. ಫೋನಲ್ಲಿ ಯಾರಿಗಪ್ಪ ಇಷ್ಟೊಂದು ವರದಿ ಒಪ್ಪಿಸ್ತಾಳೆ ಅಂತ ಎಲ್ರೂ ನಗ್ತಾರೆ."

ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಮೊದಲ ಬಟ್ಟಲಿಗೆ ಮುಂಚೆ ಶೌಚಾಲಯಕ್ಕೆ ಹೋಗಿ ಬಂದಿದ್ದೆ. ಕೊನೆಯದರ ಹೊತ್ತಿಗೆ ಮೂತ್ರಕೋಶ ಮತ್ತೆ ತುಂಬಿತ್ತು. ನಾಲಿಗೆಗೂ ಮೂತ್ರಕೋಶಕ್ಕೂ ನೇರ ದಾರಿಯಿಲ್ಲ, ನಿಜ. ಆದರೆ ಹುಳಿ ತಾಕಿದ ಕೂಡಲೇ, ಎಲ್ಲಿ ನುಂಗಿಬಿಡುತ್ತಾಳೋ ಎನ್ನುವಂತೆ ಕೆಳಹೊಟ್ಟೆ ಬಿಗಿದುಕೊಳ್ಳುತ್ತಿತ್ತು. ಐದಂಕ ಕೊಟ್ಟದ್ದು ಅದು.

ಪ್ಯಾಕಿಂಗ್‌ನಲ್ಲಿ ದಿನವಿಡೀ ಮೂಗು ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಾರೆ. ಈ ಮೇಜೂ ತಪ್ಪಿದರೆ ನನ್ನ ಪಾಲಿಗೆ ಕಾಫಿ ಮುಗಿದಂತೆ. ಇದನ್ನೂ ಪಕ್ಕದ ಸೀಟಿನವರ ವಿಷಯವೆಂಬಂತೆ ಯೋಚಿಸಿದೆ.

ಮರುದಿನ ಪರೀಕ್ಷೆ ಮುಗಿಯುವವರೆಗೆ ಏಳುವಂತಿರಲಿಲ್ಲ. ದೊಡ್ಡಣ್ಣ ಕೈಕಟ್ಟಿ ನಿಂತಿದ್ದರು. ಮೊದಲ ಚಮಚಕ್ಕೇ ಹೊಟ್ಟೆ ಬಿಗಿಯಿತು. ಡಬ್ಬ ಬಾಯಿಯ ಹತ್ತಿರ ಬಂತು. ನಾನು ನುಂಗಿದೆ. ಬೇಕೆಂದೇ.

ಬಿಸಿ ಗಂಟಲಿನಿಂದ ಎದೆಗೆ ಇಳಿಯಿತು, ಅದರ ಹಿಂದೆ ಕಿತ್ತಳೆ ಸಿಪ್ಪೆಯ ಕಹಿ, ಆಮೇಲೆ ಸಣ್ಣಗೆ ಬೆಲ್ಲ. ಆಗಬಾರದ್ದು ಆಗಿಹೋಗಿತ್ತು, ಇನ್ನು ಹೊಟ್ಟೆಗೆ ಕಾವಲು ಕಾಯಲು ಏನೂ ಉಳಿದಿರಲಿಲ್ಲ. ಬಿಗಿತ ಸಡಿಲವಾಯಿತು. ಉಳಿದವುಗಳನ್ನು ಉಗಿಯುತ್ತ ಹೋದೆ. ಸಾಲಿನ ನಡುವೆ ಒಂದು ಬಟ್ಟಲಲ್ಲಿ ಅದೇ ಸಿಪ್ಪೆ, ಅದೇ ಬೆಲ್ಲ ಸಿಕ್ಕಿತು.

"ಇದೂ ಮೊದಲನೇದೂ ಒಂದೇ. ಎಂಟು."

ದೊಡ್ಡಣ್ಣ ತಲೆಯಾಡಿಸಿದರು. ಆಮೇಲೆ, "ಮೊದಲನೇದಕ್ಕೆ ಡಬ್ಬದ ಸದ್ದೇ ಬರ್ಲಿಲ್ವಲ್ಲ?" ಎಂದರು.

ಹೇಳಿದೆ, ಎಲ್ಲವನ್ನೂ.

"ಅಲ್ಲಮ್ಮ, ಇಷ್ಟು ದಿನ ಬಾಯಲ್ಲಿ ಕಾಫಿ ಇಟ್ಕೊಂಡಿದ್ಯಾ? ಹೇಳೋಕೇನಾಗಿತ್ತು?" ಎಂದು ಗದರಿದರು. "ಇನ್ಮೇಲೆ ಬೇಕಾದಾಗೆಲ್ಲ ಎದ್ದು ಹೋಗಿ ಬಾ. ಬಟ್ಟಲೇನು ಓಡಿಹೋಗಲ್ಲ. ಆರಿದ ಮೇಲೂ ಒಂದ್ಸಲ ರುಚಿ ನೋಡಲೇಬೇಕಲ್ಲ ಅದನ್ನ." ಬಾಗಿಲವರೆಗೆ ಹೋಗಿ ತಿರುಗಿದರು. "ಇನ್ನೊಂದ್ಸಲ ನುಂಗಿದ್ದು ಕಂಡ್ರೆ ಮಾತ್ರ ಪ್ಯಾಕಿಂಗೇ. ತಮಾಷೆಯಲ್ಲ."

"ಆಯ್ತು ದೊಡ್ಡಣ್ಣ."

ಮೇಜು ಉಳಿಯಿತು. ಸಂತೋಷವಾಯಿತೇ ಎಂದು ಒಳಗೆ ಹುಡುಕಿದೆ. ಅಂಥದ್ದೇನೂ ಸಿಗಲಿಲ್ಲ.

ಊಟಕ್ಕೆ ಮುಂಚೆಯೇ ಉರಿ ಶುರುವಾಯಿತು. ಶೌಚಾಲಯದ ಬಾಗಿಲು ಹಾಕಿಕೊಂಡು ಹೊಟ್ಟೆ ಒತ್ತಿ ಹಿಡಿದು ಕುಳಿತೆ. ನಾಲಿಗೆಯ ಬುಡದಲ್ಲಿ ಕಿತ್ತಳೆ ಸಿಪ್ಪೆ ಇನ್ನೂ ಇತ್ತು. ಎರಡರಲ್ಲಿ ಯಾವುದು ಮೊದಲು ಹೋಗುತ್ತದೋ ಎಂದು ಕಾಯುತ್ತಿದ್ದೆ.