ಮಂಡಕ್ಕಿ ಪೇಪರಿನ ಲೆಕ್ಕ

"ಇದ್ರಾಗೆ ಒಂದಕ್ಷರ ಸುಳ್ಳಿದ್ರೆ ನಾಳೆಯಿಂದ ಮಿರ್ಚಿ ಮುಟ್ಟಲ್ಲ," ಎಂದು ಹರಿಹರದ ಕಾಲೇಜು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಂಚವೀರಪ್ಪ ಶುರು ಮಾಡಿದ. ಕಬಡ್ಡಿ ತಂಡದ ನಾಯಕಿ ಬಿಂದು ಆಫೀಸಿನ ಬಾಗಿಲನ್ನೇ ನೋಡುತ್ತಿದ್ದಳು. ವಿಶ್ವವಿದ್ಯಾಲಯವು ಲೀಗಿನ ಗುಂಪುಗಳನ್ನು ಹೊಸದಾಗಿ ಹಂಚಿತ್ತು; ಪಟ್ಟಿ ಅವತ್ತು ಬರುವುದಿತ್ತು. ಆಟ ನೋಡಲು ಹೆಚ್ಚು ಜನ ಬರುವ ಕಾಲೇಜಿಗೆ ಮಾತ್ರ ದಾವಣಗೆರೆಯ ದೊಡ್ಡ ತಂಡಗಳ ಜೊತೆ ಆಡುವ ಅವಕಾಶ.

"ಜನ ಎಣಿಸಾಕೆ ಕಮಿಟಿಯೋರು ಬಂದ ದಿನ ನಾನೇ ಮಂಡಕ್ಕಿ-ಮಿರ್ಚಿ ಗಾಡಿ ತರಿಸಿದ್ದೆ ಕಣವ್ವ. ಕೊಂಡಜ್ಜಿ ಊರಿಗೂರೇ ಖಾಲಿ! ಎಮ್ಮೆಗಳೂ ಬಂದಿದ್ವು."

"ಎಮ್ಮೆ ಯಾರಿಗೆ ಚಪ್ಪಾಳೆ ಹೊಡೆದ್ವು, ಕಾಕಾ?"

"ನಮಗೇ. ಜನ ಒಂದ್ಕಡೆ ನಿಲ್ಲಲಿಲ್ಲ. ಕೊನೆಗೆ ಬಿಸಾಕಿದ ಮಂಡಕ್ಕಿ ಪೇಪರ್ ಎಣಿಸಿ, ನಾಲ್ಕು ಸಾವಿರ ಜನ ಅಂತ ಬರ್ಕೊಂಡ್ರು. ನಮ್ ಕಡೆಯೋರು ಒಬ್ಬೊಬ್ರು ಎಂಟೆಂಟು ಸಲ ತಿಂತಾರೆ ಅಂತ ಪಾಪ ಅವ್ರಿಗೇನು ಗೊತ್ತು?"

"ಈಗ ನಮ್ದು ಯಾವ ಗುಂಪು? ಅದನ್ನ ಹೇಳ್ರಿ."

"ತಡಿಯವ್ವ, ಅಲ್ಲಿಗೇ ಬಂದೆ. ಆ ಎಮ್ಮೆಗಳಾಗೆ ಒಂದು ಇತ್ತಲ್ಲ, ಅದು ಸೀದಾ ಕಮಿಟಿಯೋರ ಹತ್ರ ಹೋಗಿ—"

ಆಫೀಸಿನವರು ನೋಟಿಸ್ ಬೋರ್ಡಿಗೆ ಪಟ್ಟಿ ಅಂಟಿಸಿದರು. ಬಿಂದು ಎದ್ದು ಹೊರಟೇಬಿಟ್ಟಳು. ಅಲ್ಲಿಂದಲೇ ಕೂಗಿದಳು:

"ಕಾಕಾ, ದಾವಣಗೆರೆ ಗುಂಪು! ಗಾಡಿಯೋರಿಗೆ ಈಗ್ಲೇ ಹೇಳಿಡ್ರಿ!"